ತೆಳ್ಳಗಿದ್ರೂ ಶುಗರ್ ಯಾಕೆ ಬರುತ್ತೆ? ಕಿಡ್ನಿಗೂ ಅದಕ್ಕೂ ಏನು ಸಂಬಂಧ?

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಯಾರಿಗಾದರೂ ಶುಗರ್ ಬಂತು ಅಂದ್ರೆ ಮೊದಲು ಕೇಳೋ ಮಾತು ಇದು: "ಅಂವಾ ಅಷ್ಟ್ ತೆಳ್ಳಗದಾನ, ಅವಂಗ ಹೆಂಗ ಬಂತು?" ಹೊಲದಾಗ ದುಡಿಯೋ ಮೈ, ಜೋಳದ ರೊಟ್ಟಿ ಊಟ, ಹೊಟ್ಟೆ ಒಂಚೂರು ಮುಂದೆ ಬಂದಿರಬಹುದು ಅಷ್ಟೇ. ಇಂಥವರಿಗೆ ಏನೂ ಆಗಲ್ಲ ಅಂತ ನಂಬಿ ಪರೀಕ್ಷೆ ಮುಂದೂಡ್ತೀವಿ. ಗೊತ್ತಾಗೋ ಹೊತ್ತಿಗೆ ಕೆಲವರು ವಾರಕ್ಕೆ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು, ಡಯಾಲಿಸಿಸ್ ಮಂಚದ ಮೇಲೆ ಇರ್ತಾರೆ.

ತೆಳ್ಳಗಿರೋದು ಅಂದ್ರೆ ಏನು ಅನ್ನೋದೇ ಇಲ್ಲಿ ಪ್ರಶ್ನೆ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರ್‌ಗಳ ಫೋಟೋ ಬಂತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಬಿಎಂಐ ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ. ಆದರೆ ಮೈಯಲ್ಲಿರೋ ಕೊಬ್ಬು ಅಳೆದಾಗ ಯುಡ್ಕಿನ್ ಅವರದು 9.1%, ನಮ್ಮ ಯಾಜ್ಞಿಕ್ ಅವರದು 21.2%. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಕಾಣಲ್ಲ. ನಮ್ಮಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಅದೂ ತೋಳು ತೊಡೆಯಲ್ಲಲ್ಲ, ಹೊಟ್ಟೆಯೊಳಗೆ, ಲಿವರ್ ಸುತ್ತ ಸೇರುತ್ತೆ. ಅಲ್ಲಿ ಕೂತ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತೆ.

ಇಂಗ್ಲೆಂಡಿನಲ್ಲಿ ಸುಮಾರು 15 ಲಕ್ಷ ಜನರ ದಾಖಲೆ ನೋಡಿ 2021ರಲ್ಲಿ ಒಂದು ಅಧ್ಯಯನ ಬಂತು. ಬಿಳಿಯರಿಗೆ ಬಿಎಂಐ 30ರಲ್ಲಿ ಶುಗರ್ ಬರೋ ಅಪಾಯ ಎಷ್ಟಿರುತ್ತೋ, ದಕ್ಷಿಣ ಏಷ್ಯಾ ಮೂಲದವರಿಗೆ ಅಷ್ಟೇ ಅಪಾಯ 23.9ರಲ್ಲೇ ಬರುತ್ತೆ. ಐದೂವರೆ ಅಡಿ ಎತ್ತರದ ಮನುಷ್ಯನಿಗೆ ಲೆಕ್ಕ ಹಾಕಿ ನೋಡ್ರಿ: ಅವರು 84 ಕೆಜಿಗೆ ಹೆದರಬೇಕು, ನಾವು 67 ಕೆಜಿಗೇ. ನಮ್ಮೂರಲ್ಲಿ 67 ಕೆಜಿ ಇದ್ದವನಿಗೆ "ಇನ್ನಷ್ಟು ಉಣ್ಣಪ್ಪಾ, ಸೊರಗೀದಿ" ಅಂತಾರೆ!

ಹಾಗಾದ್ರೆ ಇದು ನಮ್ಮ ರಕ್ತದಲ್ಲೇ ಬರೆದಿದೆಯಾ? ಜೀನ್‌ಗಳ ಪಾಲು ಇದೆ, ಆದರೆ ಅಷ್ಟೇ ಅಲ್ಲ. ನನಗೆ ಹೆಚ್ಚು ಕಾಡೋದು ಮೈಸೂರಿನ ಒಂದು ಕೆಲಸ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟ ಹಳೇ ಪುಸ್ತಕಗಳು ಉಳಿದಿದ್ದವು. ಸಂಶೋಧಕರು ಆ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚಿತ್ತು.

ಕಿಡ್ನಿಗೂ ಹುಟ್ಟಿನ ತೂಕಕ್ಕೂ ನಂಟಿದೆ. ಒಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷದಷ್ಟು ಸಣ್ಣ ಜರಡಿಗಳು ಇರ್ತವೆ, ನೆಫ್ರಾನ್ ಅಂತಾರೆ. ಅವೆಲ್ಲ ತಯಾರಾಗೋದು ತಾಯಿ ಹೊಟ್ಟೆಯಲ್ಲೇ. ಹುಟ್ಟಿದ ಮೇಲೆ ಹೊಸದು ಬರಲ್ಲ. ಬಸುರಿ ಹೆಂಗಸಿಗೆ ಊಟ ಸಾಲದೆ ಕೂಸು ಬಡಕಲಾದರೆ ಅದು ಕಡಿಮೆ ಜರಡಿ ಹಿಡಿದುಕೊಂಡೇ ಹುಟ್ಟಬಹುದು. ಸವದತ್ತಿ, ರಾಮದುರ್ಗದಂಥ ಮಳೆ ಕೈಕೊಡೋ ಸೀಮೆಯಲ್ಲಿ ನಮ್ಮ ಅಜ್ಜಿಯಂದಿರು ಎಲ್ಲರೂ ಉಂಡ ಮೇಲೆ ಉಳಿದದ್ದು ಉಂಡವರು. ಅದಕ್ಕೇ ಇದನ್ನು ಬರೀ 'ಜನಾಂಗದ ಗುಣ' ಅನ್ನೋದು ನನಗೆ ಒಪ್ಪಿಗೆಯಿಲ್ಲ.

ಜನಾಂಗ ಅನ್ನೋದನ್ನ ಲೆಕ್ಕಕ್ಕೆ ಸೇರಿಸಿ ಅಮೆರಿಕದವರು ಪೇಚಿಗೆ ಬಿದ್ದಿದ್ದೂ ಇದೆ. ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ತಿಳಿಯೋಕೆ ರಕ್ತದ ಕ್ರಿಯಾಟಿನಿನ್ ನೋಡಿ ಇಜಿಎಫ್ಆರ್ ಅನ್ನೋ ಸಂಖ್ಯೆ ತೆಗೀತಾರೆ. ಹಳೇ ಒಂದು ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದ್ರೆ ಉತ್ತರವನ್ನ ಸುಮಾರು 1.21ರಿಂದ ಗುಣಿಸಬೇಕಿತ್ತು. ಅಂದ್ರೆ ಕಾಗದದ ಮೇಲೆ ಅವರ ಕಿಡ್ನಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣೋದು, ಚಿಕಿತ್ಸೆ ತಡ ಆಗೋದು. 2021ರ ಹೊಸ ಸೂತ್ರದಲ್ಲಿ ಅದನ್ನು ಕಿತ್ತುಹಾಕಿದರು. ಕಿತ್ತೂರಿನ ಪಕ್ಕದ ಖಾನಾಪುರದ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರಲ್ಲ, ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಕನ್ನಡ, ಕೊಂಕಣಿ ಮಾತಾಡೋ, ನಮ್ಮದೇ ಊಟ ಉಣ್ಣೋ ಅವರಿಗೆ ಆ ಸೂತ್ರ ಯಾವ ಲೆಕ್ಕ ಹಾಕಬೇಕಿತ್ತು?

ನಮಗೆ ಇನ್ನೊಂದು ತೊಡಕಿದೆ. ಕ್ರಿಯಾಟಿನಿನ್ ಬರೋದು ಮಾಂಸಖಂಡದಿಂದ. ಖಂಡ ಕಡಿಮೆ ಇದ್ದು, ಸಸ್ಯಾಹಾರಿಯೂ ಆಗಿದ್ರೆ ಅದು ಮೊದಲೇ ಕಡಿಮೆ ಇರುತ್ತೆ. ಹಾಗಾಗಿ ಕಿಡ್ನಿ ಸೋಲ್ತಾ ಇದ್ದರೂ ರಿಪೋರ್ಟ್‌ನಲ್ಲಿ 'ನಾರ್ಮಲ್' ಅಂತ ಬರಬಹುದು. ನೋವಿಲ್ಲ, ಉರಿಯಿಲ್ಲ. ಕಾಲು ಬಾವು ಬರೋ ಹೊತ್ತಿಗೆ ಬಹಳ ಸಲ ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗಿರುತ್ತೆ.

ಅದಕ್ಕೆ ಮೂತ್ರದ ಅಲ್ಬುಮಿನ್ ಪರೀಕ್ಷೆ ಕೇಳಿ ಮಾಡಿಸ್ರಿ. ರಿಪೋರ್ಟ್‌ನಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ 30ಕ್ಕಿಂತ ಕೆಳಗಿರಬೇಕು. ಜರಡಿ ಹರಿಯೋಕೆ ಶುರುವಾದ್ರೆ ಮೊದಲು ಇದರಲ್ಲೇ ಸುಳಿವು ಸಿಗೋದು. ಆಗ ಹಿಡಿದರೆ ಬಿಪಿ, ಶುಗರ್ ಮಾತ್ರೆಗಳಿಂದ ಹಾನಿಯನ್ನು ವರ್ಷಗಟ್ಟಲೆ ತಡೀಬಹುದು. ಬಿಪಿ, ಶುಗರ್ ನೋಡೋಕೆ ದೂರ ಹೋಗಬೇಕಿಲ್ಲ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡ್ತಾರೆ. ಮನೆಯಲ್ಲಿ ಟೇಪು ಇದ್ದರೆ ಸೊಂಟ ಅಳೀರಿ: ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ ನಮ್ಮ ಗೆರೆ. ಬಿಎಂಐ 23 ದಾಟಿದ್ರೆ ನಮ್ಮವರಿಗೆ ಅದು ತೂಕ ಹೆಚ್ಚಾದ ಹಾಗೇ. ಇನ್ನು ಕಬ್ಬು ಕಡಿದು ಮೈ ನೊಂದಾಗ ಮೆಡಿಕಲ್ ಶಾಪಿನಿಂದ ದಿನಾ ನೋವಿನ ಗುಳಿಗಿ ತಂದು ನುಂಗೋದು ಬೇಡ್ರಿ, ನೀರು ಕಡಿಮೆಯಾದ ಮೈಯಲ್ಲಿ ಅದು ನೇರ ಕಿಡ್ನಿಗೆ ಹೊಡೆಯುತ್ತೆ.

ಅಪ್ಪ ಅವ್ವನ ರಿಪೋರ್ಟ್ ಕೈಗೆ ಬಂದಾಗ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ರಿ. ಮುಂದಿನ ವರ್ಷದ ಸಂಖ್ಯೆ ಪಕ್ಕಕ್ಕಿಟ್ಟು ನೋಡೋಕೆ ಡಾಕ್ಟರ್ ಕೇಳ್ತಾರೆ.