ತಾಟು ತೊಳೆದ ನೀರು

ತಾಳಿಕೋಟೆಯ ಖಾನಾವಳಿಯೊಂದರಲ್ಲಿ ಎದುರಿಗೆ ಕೂತ ಹಿರಿಯರು ಊಟ ಮುಗಿಸುವುದನ್ನೇ ನೋಡುತ್ತ ನನ್ನ ರೊಟ್ಟಿ ಆರಿಹೋಯಿತು. ಎಣಗಾಯಿಯ ಎಣ್ಣೆಯನ್ನು ಅವರು ಕೊನೆಯ ತುಣುಕಿನಿಂದ ಬಳಿದು ತಿಂದರು. ಅಂಚಿಗೆ ಅಂಟಿದ್ದ ಶೇಂಗಾ ಹಿಂಡಿಯನ್ನು ಬೆರಳಲ್ಲಿ ಒಟ್ಟುಮಾಡಿ ಬಾಯಿಗಿಟ್ಟರು. ಆಮೇಲೆ ತಾಟಿಗೆ ಸ್ವಲ್ಪ ನೀರು ಸುರಿದು, ಒಮ್ಮೆ ಸುತ್ತ ತಿರುಗಿಸಿ, ಎರಡೂ ಕೈಯಲ್ಲಿ ಎತ್ತಿ ಕುಡಿದರು. ಗಲ್ಲಾದ ಕಡೆ ಹೋಗುವ ಮೊದಲು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಯವ್ವಾ, ಹೊಟ್ಟಿ ತುಂಬಿತು. ರೊಟ್ಟಿ ಬಾಳ ಚಲೋ ಆಗ್ಯಾವ" ಎಂದರು. ಹಿಟ್ಟು ನಾದುತ್ತಿದ್ದಾಕೆ ತಲೆ ಎತ್ತಿ, "ಮತ್ತ ಬರ್ರಿ ಯಪ್ಪಾ" ಎಂದಳು.

ಖಾನಾವಳಿ ದುಡ್ಡು ಕೊಟ್ಟು ಉಣ್ಣುವ ಜಾಗ. ಆ ತಾಟು ತೊಳೆದ ನೀರು ಮಾತ್ರ ಖಾನಾವಳಿಗಿಂತ ಹಳೆಯದು. ಅದು ಮಠದ ಪಂಕ್ತಿಯಿಂದ ಬಂದದ್ದು. ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ 12ನೇ ಶತಮಾನದಿಂದ ಕಾಯಕದ ಜೊತೆಗೆ ದಾಸೋಹ ನಡೆದುಬಂದಿದೆ. ಲಿಂಗಾಯತರ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಉಣ್ಣುವುದೆಲ್ಲ ಪ್ರಸಾದವಾದ ಮೇಲೆ ಅದನ್ನು ಚೆಲ್ಲುವುದು ಹೇಗೆ? ಕೃಷ್ಣೆಯ ಆಚೆ, ಲಿಂಗಸುಗೂರು ಸೀಮೆಯ ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸಿದವನು. ಒಂದು ದಿನ ಹೆಚ್ಚಿಗೆ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಕಾಳಿನ ಮೇಲೆ ಅಂಥ ನಿಗಾ ಇದ್ದ ನಾಡಿನಲ್ಲಿ ಬರಿದಾದ ತಾಟೇ ಅಡಿಗೆಯವರಿಗೆ ಸಲ್ಲುವ ಮೊದಲ ಮರ್ಯಾದೆ.

ಖಾನಾವಳಿ ಎಂಬ ಮಾತು ನಮಗೆ ಮರಾಠಿಯಿಂದ ಬಂತು. 1956ರವರೆಗೆ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತದಲ್ಲೇ ಇತ್ತಲ್ಲ. ಕೋರ್ಟು ಕಚೇರಿಗೆ ಬಂದವರು, ಸಂತೆಗೆ ಬಂದವರು, ಓದುವ ಹುಡುಗರು ಇಲ್ಲಿ ಉಂಡರು. ಬಹಳ ಕಡೆ ಒಂದು ಮನೆತನದ ಅಡಿಗೆಮನೆಯೇ ಊರಿಗೆ ತೆರೆದುಕೊಂಡಿತ್ತು. ಹಾಗಾಗಿ ಪಂಕ್ತಿಯ ನಡವಳಿಕೆ ಹೊಸ್ತಿಲು ದಾಟಿ ಒಳಬಂತು. ಇಲ್ಲಿ ಊಟ 'ನೀಡುತ್ತಾರೆ'. ಉಣ್ಣುವವರು "ಇನ್ನೊಂದ ಬಿಸಿ ರೊಟ್ಟಿ ಹಾಕ್ರಿ" ಎಂದರೆ ಅದೇ ಹೊಗಳಿಕೆ. 'ಧನ್ಯವಾದ' ಎಂದರೆ ಪರಕೀಯರ ಮಾತಿನಂತೆ ಕೇಳುತ್ತದೆ.

ಅಡಿಗೆಯವರಿಗೆ ಸಲ್ಲಿಸುವ ಈ ಮರ್ಯಾದೆಗೆ ಜಪಾನಿನಲ್ಲಿ ಒಂದು ಮಾತೇ ಇದೆ. ಹೋಟೆಲಿನಿಂದ ಏಳುವಾಗ ಅಡಿಗೆಯವರಿಗೆ ಕೇಳುವಂತೆ 'ಗೊಚಿಸೋಸಾಮಾ ದೆಶ್ತಾ' ಎನ್ನುತ್ತಾರೆ. ಅದರೊಳಗಿನ 'ಚಿಸೋ' ಎಂಬ ಪದಕ್ಕೆ ಮೂಲದಲ್ಲಿ ಓಟ, ಓಡಾಟ ಎಂಬ ಅರ್ಥ: ಅತಿಥಿಗಾಗಿ ಸಾಮಾನು ಹುಡುಕಿ ಓಡಾಡಿದ ಶ್ರಮ. ನಾವೂ "ಓಡ್ಯಾಡಿ ಉಣಿಸಿದ್ರು" ಎನ್ನುತ್ತೇವೆ! ಅಲ್ಲಿ ಟಿಪ್ಸು ಕೊಡುವ ರೂಢಿಯಿಲ್ಲ, ಮಾತೇ ಸಲ್ಲಿಕೆ. ಶಾಲೆಯ ಊಟ ಮುಗಿದಾಗ ಮಕ್ಕಳೂ ಒಟ್ಟಿಗೆ ಹೇಳುತ್ತಾರೆ. ಊಟದ ವಿಧಿಗಳನ್ನೇ ಕುರಿತು 1246ರಲ್ಲಿ ಗ್ರಂಥ ಬರೆದ ದೋಗೆನ್ ಗುರುವಿನ ಝೆನ್ ಪರಂಪರೆಯಲ್ಲಿ ಭಿಕ್ಷುಗಳು ಮೂಲಂಗಿ ಉಪ್ಪಿನಕಾಯಿಯ ಹೋಳಿನಿಂದ ಬಟ್ಟಲು ಒರೆಸಿ, ಬಿಸಿನೀರು ಹಾಕಿ ತೊಳೆದು, ಆ ನೀರನ್ನು ಕುಡಿಯುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಖಾಸ್ಗತೇಶ್ವರ ಮಠದ ಊರಾದ ನಮ್ಮ ತಾಳಿಕೋಟೆ.

ನನಗೆ ಕಳವಳ ಇರುವುದು ಬೇರೆ ಕಡೆ. ಹೊಸ ಹೋಟೆಲುಗಳಲ್ಲಿ ಟಿಪ್ಸು ತಂದುಕೊಟ್ಟ ಹುಡುಗನಿಗೆ, ಮೊಬೈಲಿನ ನಕ್ಷತ್ರಗಳು ಬೋರ್ಡಿನ ಹೆಸರಿಗೆ. ರೊಟ್ಟಿ ಬಡಿಯುವಾಕೆಗೆ ಏನೂ ಕೇಳಿಸುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಸುಡುವಾಗಲೇ ನಾದದಿದ್ದರೆ ಅಂಚು ಒಡೆಯುತ್ತದೆ. ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉರಿಗೊಡ್ಡಿ ಉಬ್ಬಿಸಬೇಕು. ಒಲೆಯ ಝಳದಲ್ಲಿ ಒಂದಾದ ಮೇಲೊಂದು, ಊಟದ ಹೊತ್ತು ಮುಗಿಯುವತನಕ. ಅಷ್ಟು ಮಾಡಿದಾಕೆಗೆ ಒಂದು ಮಾತು ಮುಟ್ಟಬೇಡವೇ?

ಆ ದಿನ ನಾನೂ ತಾಟು ತೊಳೆದು ಕುಡಿದೆ. ಹಿಂಡಿಯ ಖಾರ ನೀರಿನಲ್ಲೂ ಇತ್ತು. ಬಾಗಿಲಿಗೆ ಹೋಗಿ, "ಅವ್ವಾರ, ಊಟ ಬಾಳ ಚಲೋ ಆತ್ರಿ" ಎಂದೆ. ಆಕೆ ಹಂಚಿನ ಕಡೆ ಕೈ ತೋರಿಸಿದಳು.

"ಇಷ್ಟಕ್ಕ ಎದ್ರೇನ್ರಿ? ಇಲ್ಲೊಂದು ಉಬ್ಬಾಕತ್ತೈತಿ, ಕುಂದರ್ರಿ."