ಟಿಪ್ಪಣಿಯ ಚಿತ್ರ ಎಲ್ಲಿರುತ್ತದೆ?

ಯಲಬುರ್ಗಾ ತಾಲ್ಲೂಕಿನ ಬೇವೂರಿನಲ್ಲಿದ್ದು ಶಾಸನಗಳ ಹಿಂದೆ ಬಿದ್ದವರಿಗೆ ಕೆಲಸಕ್ಕೆ ಬರವಿಲ್ಲ. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ, ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ದೇವಾಲಯ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳು. ಅಲ್ಲೆಲ್ಲ ಓಡಾಡುವ ಮೇಷ್ಟ್ರೊಬ್ಬರು ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ಅಬ್ಸಿಡಿಯನ್ ಎಂಬ ಆ್ಯಪ್‌ನಲ್ಲಿ ತಮ್ಮ ಟಿಪ್ಪಣಿಗಳ ಜೊತೆ ಅಂಟಿಸುತ್ತಾರೆ ಎಂದುಕೊಳ್ಳಿ. ಆ ಫೋಟೋ ನಿಜವಾಗಿ ಎಲ್ಲಿ ಕೂರುತ್ತದೆ?

ಟಿಪ್ಪಣಿಯ ಒಳಗಂತೂ ಅಲ್ಲ. 2020ರಲ್ಲಿ ಬಂದ ಅಬ್ಸಿಡಿಯನ್ನಿನಲ್ಲಿ ಪ್ರತಿ ಟಿಪ್ಪಣಿಯೂ ಬರಿಯ ಅಕ್ಷರಗಳ ಫೈಲು. ಚಿತ್ರ ಬೇರೆ ಫೈಲಾಗಿ ಫೋಲ್ಡರಿನಲ್ಲಿರುತ್ತದೆ. ಟಿಪ್ಪಣಿಯಲ್ಲಿರುವುದು ಅದರ ವಿಳಾಸ ಮಾತ್ರ. ಆ್ಯಪ್‌ನೊಳಗೇ ಫೈಲಿನ ಹೆಸರು ಬದಲಿಸಿದರೆ ವಿಳಾಸವೂ ತಾನಾಗಿ ತಿದ್ದಿಕೊಳ್ಳುತ್ತದೆ. ಹೊರಗಿನಿಂದ ಬದಲಿಸಿದರೆ ಕೊಂಡಿ ಕಡಿಯುತ್ತದೆ. ಅಂಟಿಸಿದ ಚಿತ್ರಕ್ಕೆ ಆ್ಯಪ್ ತಾನೇ ಕೊಡುವ ಹೆಸರಿನಲ್ಲಿ ದಿನಾಂಕ, ಸಮಯದ ಅಂಕಿಗಳಿರುತ್ತವೆ, ಯಾವ ಕಲ್ಲು ಎಂಬುದಿರುವುದಿಲ್ಲ. ‘ಪೇಸ್ಟ್ ಇಮೇಜ್ ರಿನೇಮ್’ ಎಂಬ ಪ್ಲಗಿನ್ (ಆ್ಯಪ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಅಂಟಿಸುವ ಹೊತ್ತಿಗೇ ಹೆಸರು ಕೇಳುತ್ತದೆ. ಊರು, ಕಲ್ಲು, ಬಿಸಿಲಿನ ದಿಕ್ಕು ಮೂರನ್ನೂ ಅಲ್ಲೇ ಬರೆದುಬಿಡಬೇಕು. ಸವೆದ ಅಕ್ಷರ ಕಾಣುವುದು ಓರೆಬಿಸಿಲಿನಲ್ಲಿ. ಹಾಗಾಗಿ ಒಂದೇ ಕಲ್ಲಿಗೆ ಬೆಳಗಿನದೊಂದು, ಸಂಜೆಯದೊಂದು ಫೋಟೋ ಬೇಕೇ ಬೇಕು.

ಫೋಟೋಗಳು ಹೆಚ್ಚಿದಂತೆ ಫೋಲ್ಡರ್ ಉಬ್ಬುತ್ತದೆ. ಆಗ ಕುಗ್ಗಿಸುವ ಪ್ಲಗಿನ್‌ಗಳತ್ತ ಕೈ ಹೋಗುತ್ತದೆ. ಇಲ್ಲಿ ನಿಜಕ್ಕೂ ಎಚ್ಚರ ಬೇಕು. ಜೆಪೆಗ್ ವಿಧಾನ ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮ ಏರಿಳಿತಗಳನ್ನು ಕೈಬಿಡುತ್ತದೆ. ಮದುವೆ ಫೋಟೋಕ್ಕೆ ಇದರಿಂದ ನಷ್ಟವಿಲ್ಲ. ಆದರೆ ಒಂಬತ್ತು ನೂರು ವರ್ಷ ಮಳೆಗಾಳಿ ತಿಂದ ಕಲ್ಲಿನಲ್ಲಿ ಒತ್ತಕ್ಷರ ಉಳಿದಿರುವುದೇ ಅಂಥ ಸೂಕ್ಷ್ಮ ನೆರಳಾಗಿ. ಮತ್ತೆ ಮತ್ತೆ ಕುಗ್ಗಿಸಿದರೆ ಅದೂ ಅಳಿಸುತ್ತದೆ, ಮರಳಿ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಕಳಿಸಿದರೂ ಇದೇ ಕಥೆ. ಜೊತೆಗೆ ತೆಗೆದ ಸ್ಥಳ, ಸಮಯದ ಮಾಹಿತಿಯೂ ಉದುರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎರಡೂ ಉಳಿಯುತ್ತವೆ.

ಇನ್ನೊಂದು ದಾರಿ ಚಿತ್ರವನ್ನು ಅಂತರ್ಜಾಲಕ್ಕೆ ಏರಿಸುವುದು. ‘ಇಮೇಜ್ ಆಟೋ ಅಪ್‌ಲೋಡ್’ ಪ್ಲಗಿನ್ ನೀವು ಅಂಟಿಸಿದ ಚಿತ್ರವನ್ನು ಪಿಕ್‌ಗೋ ಎಂಬ ತಂತ್ರಾಂಶಕ್ಕೆ ದಾಟಿಸುತ್ತದೆ. ಅದು ನೀವು ಆರಿಸಿದ ಸರ್ವರಿಗೆ ಏರಿಸಿ ವಿಳಾಸ ತಂದುಕೊಡುತ್ತದೆ. ಟಿಪ್ಪಣಿಯಲ್ಲಿ ಆ ವಿಳಾಸ ಕೂರುತ್ತದೆ. ಫೋಲ್ಡರ್ ಹಗುರ, ಹಂಚುವುದು ಸಲೀಸು. ಆದರೆ ಚಿತ್ರ ಈಗ ಬಾಡಿಗೆ ಮನೆಯಲ್ಲಿದೆ. 2017ರಲ್ಲಿ ಫೋಟೊಬಕೆಟ್ ಕಂಪನಿ, ಬೇರೆ ತಾಣಗಳಲ್ಲಿ ಚಿತ್ರ ಕಾಣಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಎಂದಾಗ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಚಿತ್ರಗಳು ಮಾಯವಾದವು. ಹಾಗೆ ಹೊರಗಿರುವ ಚಿತ್ರಗಳನ್ನು ‘ಲೋಕಲ್ ಇಮೇಜಸ್ ಪ್ಲಸ್’ ಮನೆಗೆ ಇಳಿಸಿಕೊಂಡು ವಿಳಾಸವನ್ನೂ ತಿದ್ದುತ್ತದೆ. ಇಂಥ ಪ್ಲಗಿನ್ ಮೊದಲ ದಿನವೇ ಇರಲಿ ಎಂಬುದು ನನ್ನ ಒತ್ತಾಯ.

ಕೊಂಡಿಯಿಲ್ಲದ ಚಿತ್ರಗಳನ್ನು ಗುಡಿಸಿ ಹಾಕುವ ‘ಕ್ಲಿಯರ್ ಅನ್‌ಯೂಸ್ಡ್ ಇಮೇಜಸ್’ ಕೂಡ ಇದೆ. ಶಾಸನದ ಫೋಲ್ಡರಿನಲ್ಲಿ ಅದನ್ನು ಓಡಿಸಬೇಡಿ. ಇನ್ನೂ ಓದಲಾಗದ, ಆದ್ದರಿಂದಲೇ ಟಿಪ್ಪಣಿ ಬರೆಯದ ಕಲ್ಲಿನ ಫೋಟೋ ಅದರ ಲೆಕ್ಕದಲ್ಲಿ ಕಸ.

ಮೂಲ ಫೋಟೋ ಫೋಲ್ಡರಿನಲ್ಲೂ ಬೇರೊಂದು ಹಾರ್ಡ್‌ಡಿಸ್ಕಿನಲ್ಲೂ ಇರಲಿ. ಹಂಚುವ ಪ್ರತಿಯನ್ನು 2004ರಿಂದ ನಡೆಯುತ್ತಿರುವ ವಿಕಿಮೀಡಿಯಾ ಕಾಮನ್ಸ್‌ಗೆ ಮುಕ್ತ ಪರವಾನಗಿಯಡಿ ಏರಿಸಬಹುದು. ಕಡತಕ್ಕೆ ಕನ್ನಡದಲ್ಲೇ ಹೆಸರಿಡಬಹುದು. ವಿಳಾಸ ನಕಲಿಸಿದಾಗ ‘ಇಟಗಿ’ ಎಂಬಷ್ಟಕ್ಕೇ 36 ಚಿಹ್ನೆಗಳ ಸರಪಳಿ ಕಂಡರೆ ಗಾಬರಿ ಬೇಡ: ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಪ್ರತಿ ಬೈಟಿಗೆ ವಿಳಾಸದಲ್ಲಿ ಮೂರು ಚಿಹ್ನೆ. ಬ್ರೌಸರ್ ಅದನ್ನು ಮತ್ತೆ ಇಟಗಿ ಎಂದೇ ಓದಿಕೊಳ್ಳುತ್ತದೆ.