ನೀರೇ ಕುಡಿಯದ ನಾಯಕ!

ಈ ನಾಯಕನಿಗೆ ಮೇಕಪ್ ಬೇಡ. ಡೈಲಾಗ್ ಬೇಡ. ಸಂಭಾವನೆಗಾಗಿ ನಿರ್ಮಾಪಕರ ಜೊತೆ ತಕರಾರಿಲ್ಲ, ನಾಯಕಿಯ ಜೊತೆ ಗಾಸಿಪ್ ಇಲ್ಲ. ಡ್ಯೂಪ್ ಅಂತೂ... ಇರಲಿ, ಆ ಗುಟ್ಟು ಆಮೇಲೆ. ಬಿಳಿ ಮೈ, ಮುಂದೆ ದುಂಡಗೆ ಬರೆದ 53ನೇ ನಂಬರ್, ತಲೆಯಿಂದ ಬಾಲದವರೆಗೆ ಕೆಂಪು-ನೀಲಿ ಪಟ್ಟೆ. ಉರಿಬಿಸಿಲಿನಲ್ಲಿ ಎಷ್ಟು ಓಡಿಸಿದರೂ ಒಂದು ತೊಟ್ಟು ನೀರು ಕೇಳುವುದಿಲ್ಲ! ಯಾರಪ್ಪಾ ಇವನು ಅಂತೀರಾ?

ಅವನೇ ಹರ್ಬಿ! 1968ರ ಕೊನೆಯಲ್ಲಿ ವಾಲ್ಟ್ ಡಿಸ್ನಿ ಸಂಸ್ಥೆ ತೆರೆಗೆ ತಂದ 'ದಿ ಲವ್ ಬಗ್' ಚಿತ್ರದ ನಾಯಕ. ನಿರ್ದೇಶಕ ರಾಬರ್ಟ್ ಸ್ಟೀವನ್‌ಸನ್. ಡೀನ್ ಜೋನ್ಸ್, ಮಿಷೆಲ್ ಲೀ, ಬಡ್ಡಿ ಹ್ಯಾಕೆಟ್ ಎಲ್ಲರೂ ಇದ್ದರು ಅನ್ನಿ. ಆದರೆ ಜನ ಟಿಕೆಟ್ ಕೊಂಡಿದ್ದು ಆ ಪುಟ್ಟ ಕಾರನ್ನು ನೋಡೋಕೆ. 1963ರ ಮಾಡೆಲ್ ಫೋಕ್ಸ್‌ವ್ಯಾಗನ್ ಬೀಟಲ್ ಅದು. ನಾಯಕನ ಆಯ್ಕೆಗೆ ಸ್ಟುಡಿಯೋ ಮುಂದೆ ಹಲವು ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರಂತೆ. ಹೋಗೋ ಬರೋರು ಬೇರೆ ಕಾರುಗಳ ಟೈರಿಗೆ ಒದ್ದು ನೋಡಿದರೆ, ಬೀಟಲ್ ಬಳಿ ಬಂದಾಗ ಮಾತ್ರ ಅದರ ಬೆನ್ನು ತಟ್ಟಿದರಂತೆ! ಅಲ್ಲಿಗೆ ಸ್ಕ್ರೀನ್ ಟೆಸ್ಟ್ ಮುಗೀತು.

ಈಗ ಡ್ಯೂಪಿನ ಗುಟ್ಟು. ಕಾರು ತಾನಾಗಿಯೇ ಓಡುವ ದೃಶ್ಯಗಳಲ್ಲಿ ಹಿಂದಿನ ಸೀಟಿನ ಬಳಿ ಒಬ್ಬ ಡ್ರೈವರ್ ಅಡಗಿ ಕೂತು ಓಡಿಸುತ್ತಿದ್ದ. ರೇಸಿನ ದೃಶ್ಯಗಳಿಗೆಂದು ಕೆಲವು ಕಾರುಗಳಿಗೆ ಪೋರ್ಷೆ ಇಂಜಿನ್ ಹಾಕಿದ್ದರು. ಹಾಕದೆ ಏನು ಮಾಡ್ತಾರೆ ಹೇಳಿ? 1963ರ ಬೀಟಲ್‌ನ ಅಸಲಿ ಇಂಜಿನ್ 1192 ಸಿ.ಸಿ. ಅಮೆರಿಕದ ಲೆಕ್ಕದಲ್ಲಿ 40 ಕುದುರೆ ಶಕ್ತಿ, ಅಷ್ಟೇ.

ಆದರೆ ನಮಗೆ ಬೇಕಾದ್ದು ಆ ನಲವತ್ತು ಕುದುರೆಗಳೇ. ಪೋರ್ಷೆ ಕಥೆ ಬೇರೆಯವರು ಬರೆಯಲಿ. ಬೆಂಗಳೂರಿನ ಹಳೆ ಕಾರುಗಳ ಮೆರವಣಿಗೆಯಲ್ಲಿ ಬೀಟಲ್ ಕಂಡು ಸೆಲ್ಫಿ ತೆಗೆಸಿಕೊಂಡ ಅಭಿಮಾನಿ ಮಿತ್ರರೇ, ಹಿಂದಿನ ಮುಚ್ಚಳ ಎತ್ತಿ ಒಳಗೆ ಇಣುಕಿದ್ದೀರಾ? ಬನ್ನಿ, ಇಣುಕೋಣ.

ಗಾಳಿಯೇ ಇವನ ಉಸಿರು

ಶಿರಾಡಿ ಘಾಟಿಯ ತಿರುವಿನಲ್ಲಿ ಬಾನೆಟ್ ಎತ್ತಿ, ಹೊಗೆಯಾಡುತ್ತ ನಿಂತ ಅಂಬಾಸಿಡರ್ ನೋಡಿದವರಿಗೆ ರೇಡಿಯೇಟರಿನ ಕಷ್ಟ ಗೊತ್ತು. ಬೀಟಲ್‌ನಲ್ಲಿ ರೇಡಿಯೇಟರೇ ಇಲ್ಲ. ನಾಲ್ಕು ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಅಡ್ಡಡ್ಡ ಮಲಗಿವೆ. ಮೈತುಂಬ ತೆಳ್ಳನೆ ರೆಕ್ಕೆಗಳು. ಮೇಲೊಂದು ತಗಡಿನ ಗೂಡು, ಅದರೊಳಗೆ ಫ್ಯಾನ್. ನಮ್ಮ ಹಳೆ ಬಜಾಜ್ ಚೇತಕ್‌ನಲ್ಲೂ ಇದೇ ಉಪಾಯವಿತ್ತು. ಸೈಡ್ ಮುಚ್ಚಳದ ಒಳಗೆ ಫ್ಯಾನ್ ತಿರುಗಿ, ತಗಡಿನ ದಾರಿಯಲ್ಲಿ ಗಾಳಿಯನ್ನು ಸಿಲಿಂಡರಿಗೆ ತಳ್ಳುತ್ತಿತ್ತು. ಬೀಟಲ್ ಅಂದರೆ ಅದರ ದೊಡ್ಡಣ್ಣ.

ಫ್ಯಾನ್ ತಿರುಗಿಸುವುದು ಡೈನಮೋ ಕಂಬಿ. ಡೈನಮೋ ತಿರುಗಿಸುವುದು ಒಂದೇ ಒಂದು ಬೆಲ್ಟು. ಈಗ ಕಥೆಯ ಸಸ್ಪೆನ್ಸ್ ನೋಡಿ. ಬೆಲ್ಟು ತುಂಡಾಯಿತು ಅನ್ನಿ, ಮೀಟರಿನಲ್ಲಿ ಒಂದು ಕೆಂಪು ದೀಪ ಹತ್ತುತ್ತದೆ. ಬೇರೆ ಕಾರಿನಲ್ಲಾದರೆ "ಬ್ಯಾಟರಿ ಚಾರ್ಜ್ ಆಗ್ತಿಲ್ಲ, ಮನೆಗೆ ಹೋಗಿ ನೋಡೋಣ" ಅಂತ ಓಡಿಸಬಹುದು. ಇಲ್ಲಿ ಆ ದೀಪದ ಅರ್ಥವೇ ಬೇರೆ. ಇಂಜಿನ್‌ಗೆ ಗಾಳಿ ನಿಂತಿದೆ! ಅಲ್ಲೇ ಪಕ್ಕಕ್ಕೆ ಹಾಕಿ ಆಫ್ ಮಾಡಬೇಕು. ಇನ್ನೊಂದು ಊರು ದಾಟೋಣ ಅಂದವನ ಇಂಜಿನ್ ಸೀಜ್ ಆಗಿ ಹೋಗುತ್ತದೆ. ಅದಕ್ಕೇ ಬುದ್ಧಿವಂತರ ಡಿಕ್ಕಿಯಲ್ಲಿ ಸದಾ ಒಂದು ಸ್ಪೇರ್ ಬೆಲ್ಟು ಇರುತ್ತದೆ. ಬೆಲ್ಟಿನ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಒಂದೂವರೆ ಸೆಂಟಿಮೀಟರ್ ಒಳಹೋಗಬೇಕು. ಸಡಿಲವಾಗಿದ್ದರೆ ಪುಲ್ಲಿಯ ಎರಡು ಹೋಳುಗಳ ನಡುವೆ ಇರುವ ತೆಳು ವಾಷರುಗಳಲ್ಲಿ ಒಂದನ್ನು ತೆಗೆದು ಹೊರಗಡೆ ಹಾಕಿ ಬಿಗಿದರೆ ಮುಗಿಯಿತು. ತೆಗೆದ ವಾಷರನ್ನು ಬಿಸಾಡಬೇಡಿ. ಹೊಸ ಬೆಲ್ಟು ಹಾಕಿದಾಗ ಅದು ವಾಪಸ್ ಒಳಗೆ ಹೋಗಬೇಕು.

ಇನ್ನೊಂದು ಮಾತು. ಇಂಜಿನ್ ಸುತ್ತ ಇರುವ ಕಪ್ಪು ತಗಡುಗಳನ್ನೂ, ಅಂಚಿನ ರಬ್ಬರನ್ನೂ "ಇದ್ಯಾಕೆ ಬೇಕು" ಅಂತ ಕಿತ್ತು ಮೂಲೆಗೆ ಎಸೆಯುವ ಮಹಾಶಯರಿದ್ದಾರೆ. ಅವು ಶೋಕಿಗೆ ಇಟ್ಟದ್ದಲ್ಲ ಸ್ವಾಮಿ! ಸಿಲಿಂಡರ್ ಸುಟ್ಟು ಕೆಳಗೆ ಬಿಟ್ಟ ಬಿಸಿಗಾಳಿ ಮತ್ತೆ ಮೇಲೆ ಫ್ಯಾನಿನ ಬಾಯಿಗೆ ಬರದಂತೆ ತಡೆಯುವ ಗೋಡೆ ಅವು. ಗೋಡೆ ಒಡೆದರೆ ಇಂಜಿನ್ ತನ್ನ ಬಿಸಿಯುಸಿರನ್ನೇ ತಾನು ಕುಡಿಯುತ್ತದೆ.

ಮೂರನೆಯವನ ದುರಂತ

ಪ್ರತಿ ಕೂಡು ಕುಟುಂಬದ ಚಿತ್ರದಲ್ಲೂ ಎಲ್ಲರ ಕಷ್ಟ ಹೊತ್ತು ಸಾಯುವ ಒಬ್ಬ ಅಣ್ಣ ಇರುತ್ತಾನಲ್ಲ? ಬೀಟಲ್‌ನಲ್ಲಿ ಆ ಪಾತ್ರ ಮೂರನೇ ಸಿಲಿಂಡರಿನದು. ಎಡಬದಿಯಲ್ಲಿ, ಮುಂದಿನದು. ಹಳೆ ಇಂಜಿನ್‌ಗಳಲ್ಲಿ ಆಯಿಲ್ ಕೂಲರ್ ಇರುವುದು ಫ್ಯಾನಿನ ಗೂಡಿನ ಒಳಗೇ, ಸರಿಯಾಗಿ ಇವನ ತಲೆಯ ಮೇಲೆ. ಕುದಿಯುವ ಆಯಿಲಿನ ಶಾಖ ಹೊತ್ತ ಗಾಳಿಯೇ ಇವನ ಪಾಲು. 1971ರ ಮಾಡೆಲಿನಿಂದ ಕೂಲರನ್ನು ಪಕ್ಕದ ಪ್ರತ್ಯೇಕ ಗೂಡಿಗೆ ಸರಿಸಿದ ಮೇಲೆ ಇವನಿಗೆ ಸ್ವಲ್ಪ ಉಸಿರಾಡುವಂತಾಯಿತು.

ಬಿಸಿ ಜಾಸ್ತಿಯಾದರೆ ಮೊದಲು ಬಲಿಯಾಗುವುದು ಎಕ್ಸಾಸ್ಟ್ ವಾಲ್ವ್. ವಾಲ್ವ್ ಮುಚ್ಚಿ ಕೂತಾಗ ಮಾತ್ರ ತನ್ನ ಶಾಖವನ್ನು ಸೀಟಿಗೆ ದಾಟಿಸಿ ತಣ್ಣಗಾಗುತ್ತದೆ. ಓಡುತ್ತ ಓಡುತ್ತ ಸೀಟು ಸವೆಯುತ್ತದೆ, ವಾಲ್ವ್ ಉದ್ದವಾಗುತ್ತದೆ, ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತ ಬರುತ್ತದೆ. ಗ್ಯಾಪ್ ಪೂರ್ತಿ ಹೋದರೆ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ. ಬೆಂಕಿ ಅದರ ಅಂಚಿನಲ್ಲೇ ನುಗ್ಗುತ್ತದೆ. ಒಂದು ದಿನ ವಾಲ್ವಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳುತ್ತದೆ. ಆಮೇಲೆ ಇಂಜಿನ್ ಅಲ್ಲ, ಗುಜರಿ.

ತಮಾಷೆ ಏನು ಗೊತ್ತೇ? ಟಕ್ ಟಕ್ ಅಂತ ಸದ್ದು ಮಾಡುವ ಟ್ಯಾಪೆಟ್ ಅಷ್ಟು ಅಪಾಯದ್ದಲ್ಲ, ಅದರಲ್ಲಿ ಗ್ಯಾಪ್ ಇದೆ ಅಂತ ಅರ್ಥ. ಗಲಾಟೆ ಮಾಡುತ್ತಿದ್ದವನು ಇದ್ದಕ್ಕಿದ್ದ ಹಾಗೆ ಸುಮ್ಮನಾದರೆ ಆಗ ಹೆದರಬೇಕು! ನಮ್ಮ ಚಿತ್ರಗಳ ವಿಲನ್‌ಗಳ ಹಾಗೇ.

ಅದಕ್ಕೇ ಐದು ಸಾವಿರ ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ನೋಡಬೇಕು. ಇಂಜಿನ್ ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಿರಬೇಕು, ಇದು ಕಡ್ಡಾಯ. 1300ರಿಂದ 1600 ಸಿ.ಸಿ.ವರೆಗಿನ ಇಂಜಿನ್‌ಗಳಿಗೆ ಸಾಮಾನ್ಯವಾಗಿ 0.15 ಮಿಲಿಮೀಟರ್, ಅಂದರೆ ಗ್ಯಾರೇಜಿನವರು ಹೇಳುವ ಆರು ಥೌ. ಹಳೆ 1200ಕ್ಕೆ ಅಂಕಿ ಬೇರೆ, ಆ ಇಂಜಿನ್ನಿನ ಪುಸ್ತಕ ನೋಡಿಯೇ ಮುಟ್ಟಿ. ಪುಲ್ಲಿಯ ಗುರುತನ್ನು ಇಂಜಿನ್ನಿನ ನಡು ಜೋಡಣೆಯ ಗೆರೆಗೆ ತನ್ನಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ರೋಟರ್ ಅದರ ಅಂಚಿನ ಗೀರಿನ ಕಡೆ ತಿರುಗಿರಬೇಕು. ಈಗ ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿವೆ. ಫೀಲರ್ ಗೇಜ್ ತೂರಿಸಿ, ಸರಿ ಮಾಡಿ. ಪುಲ್ಲಿಯನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿದರೆ ಎರಡನೆಯದು, ಮತ್ತರ್ಧಕ್ಕೆ ಮೂರು, ಮತ್ತರ್ಧಕ್ಕೆ ನಾಲ್ಕು. ಬೆಂಕಿಯ ಸರದಿ 1-4-3-2 ಇರುವುದರಿಂದ ಹಿಮ್ಮುಖ ತಿರುಗಿಸಿದಾಗ 1-2-3-4 ಅಂತ ಸಲೀಸಾಗಿ ಬರುತ್ತದೆ. ಕಾರಿನ ಕೆಳಗೆ ತೂರಬೇಕು, ಬೆನ್ನಿಗೆ ಮಣ್ಣು ಹತ್ತುತ್ತದೆ, ಹತ್ತಲಿ ಬಿಡಿ.

ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್. ಆಯಿಲ್ ಎರಡೂವರೆ ಲೀಟರ್ ಮಾತ್ರ. ಅದೂ ಇಂಜಿನ್ ತಂಪು ಮಾಡುವ ಕೆಲಸದಲ್ಲಿ ಪಾಲುದಾರ. ಬೇರೆ ಕಾರುಗಳ ಹಾಗೆ ಕಾಗದದ ಫಿಲ್ಟರ್ ಇಲ್ಲ, ತಳದಲ್ಲಿ ಒಂದು ತಂತಿ ಜಾಲರಿ ಅಷ್ಟೇ. ಆದ್ದರಿಂದ ಆಯಿಲ್ ಬದಲಾಯಿಸುವುದರಲ್ಲಿ ಜಿಪುಣತನ ಕೂಡದು. ಜಾಲರಿಯ ತಟ್ಟೆಗೆ ಆರು ಪುಟ್ಟ ನಟ್ಟುಗಳಿವೆ. ಅವನ್ನು ಪೈಲ್ವಾನನ ಹಾಗೆ ಬಿಗಿಯಬೇಡಿ, ಮೃದು ಲೋಹದ ಒಳಗಿನ ಮರೆ ಕಿತ್ತು ಬರುತ್ತದೆ.

ಪೆಟ್ರೋಲ್ ಟ್ಯಾಂಕಿನಲ್ಲಿ ಐರಿಷ್ ಕಾಫಿ!

'ದಿ ಲವ್ ಬಗ್' ನೋಡಿದವರಿಗೆ ಈ ಸೀನ್ ನೆನಪಿರಬೇಕು. ಡೇವಿಡ್ ಟಾಮ್ಲಿನ್‌ಸನ್ ಅಭಿನಯದ ವಿಲನ್ ಥಾರ್ನ್‌ಡೈಕ್, ನಾಯಕನ ಮೆಕ್ಯಾನಿಕ್ ಗೆಳೆಯನಿಗೆ ವಿಸ್ಕಿ ಬೆರೆಸಿದ ಐರಿಷ್ ಕಾಫಿ ಕುಡಿಸಿ, ಉಳಿದದ್ದನ್ನು ಹರ್ಬಿಯ ಟ್ಯಾಂಕಿಗೆ ಸುರಿಯುತ್ತಾನೆ. ಮರುದಿನ ರೇಸಿನಲ್ಲಿ ಪಾಪ, ಹರ್ಬಿ ಕುಡುಕನ ಹಾಗೆ ತೂರಾಡುತ್ತಾನೆ. ಥಿಯೇಟರಿನಲ್ಲಿ ನಗೆಯೋ ನಗೆ.

ನಿಜಜೀವನದಲ್ಲಿ ಈ ಸೀನ್ ನಮ್ಮ ಪೆಟ್ರೋಲ್ ಬಂಕುಗಳಿಗೇ ಬಂದುಬಿಟ್ಟಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆಯಿತು. ಎಥೆನಾಲ್ ಅಂದರೆ ಸಾರಾಯಿಯ ಮೂಲ ಸರಕೇ. ಅದಕ್ಕೆಂದೇ ತಯಾರಾದ ಹೊಸ ಗಾಡಿಗಳಿಗೆ ಚಿಂತೆಯಿಲ್ಲ. ಅರವತ್ತು ವರ್ಷದ ಹಿಂದಿನ ರಬ್ಬರ್ ಪೈಪಿಗೆ, ಪಂಪಿನ ಡಯಾಫ್ರಂಗೆ ಇದು ಒಗ್ಗುವುದಿಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಹಳೇ ಮಡ್ಡಿ ಕರಗಿ ಕಾರ್ಬುರೇಟರಿನ ಜೆಟ್‌ಗೆ ಬಂದು ಕೂರುತ್ತದೆ. ಸಾಲದ್ದಕ್ಕೆ, ಎಥೆನಾಲ್ ಸರಿಯಾಗಿ ಉರಿಯಲು ಅದರ ಪ್ರಮಾಣ ಜಾಸ್ತಿ ಬೇಕು. ಹಳೆ ಜೆಟ್ ಕೊಡುವುದು ಹಳೆ ಲೆಕ್ಕದಷ್ಟನ್ನೇ. ಪರಿಣಾಮ? ಮಿಶ್ರಣ ತೆಳು, ಇಂಜಿನ್ ಬಿಸಿ. ಮತ್ತೆ ಹೊಡೆತ ಮೂರನೆಯವನಿಗೇ! ಒಂದು ಸೈಜು ದೊಡ್ಡ ಜೆಟ್ ಹಾಕಿಸುವುದು, ಎಥೆನಾಲ್ ತಡೆಯುವ ಪೈಪು ಮತ್ತು ಡಯಾಫ್ರಂ ಹಾಕಿಸುವುದು, ಕಾರನ್ನು ವಾರಕ್ಕೊಮ್ಮೆಯಾದರೂ ಓಡಿಸುವುದು ಇದಕ್ಕೆ ದಾರಿ. ಬ್ರೆಜಿಲ್‌ನಲ್ಲಿ ಬರೀ ಆಲ್ಕೋಹಾಲಿನ ಮೇಲೆ ಓಡುವ ಬೀಟಲ್‌ಗಳನ್ನೇ ತಯಾರಿಸಿದ್ದರು. ಎಥೆನಾಲ್ ಶತ್ರುವಲ್ಲ, ತಯಾರಿಲ್ಲದೆ ಕುಡಿಸುವುದೇ ಕೇಡು.

ಪೆಟ್ರೋಲಿನ ದಾರಿಯನ್ನೂ ನೋಡಿಬಿಡಿ. ಟ್ಯಾಂಕ್ ಮುಂದೆ ಬಾನೆಟ್ ಒಳಗೆ. 1961ರವರೆಗೂ ಇವನಿಗೆ ಪೆಟ್ರೋಲ್ ಮೀಟರೇ ಇರಲಿಲ್ಲ. ಮೋಟರ್ ಸೈಕಲ್ಲಿನ ಹಾಗೆ ರಿಸರ್ವ್ ಕೀಲಿ, ಅದನ್ನು ಕಾಲಲ್ಲಿ ತಿರುಗಿಸಬೇಕಿತ್ತು! ಅಲ್ಲಿಂದ ನಡುವಿನ ಸುರಂಗದಲ್ಲಿ ಲೋಹದ ಕೊಳವೆ, ಹಿಂದೆ ಬಂದ ಮೇಲೆ ಚಿಕ್ಕ ರಬ್ಬರ್ ಪೈಪು, ಡಿಸ್ಟ್ರಿಬ್ಯೂಟರ್ ಪಕ್ಕದ ಪಂಪು, ಕೊನೆಗೆ ಸೋಲೆಕ್ಸ್ ಕಾರ್ಬುರೇಟರ್. ಪಂಪಿನ ಡಯಾಫ್ರಂ ಹರಿದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ನೀರಾದ ಆಯಿಲ್ ಬೇರಿಂಗ್ ತಿನ್ನುತ್ತದೆ.

ಸ್ಲೋನಲ್ಲಿ ನಿಲ್ಲದೆ ಆಫ್ ಆಗುತ್ತಿದೆಯೇ? ಕಾರ್ಬುರೇಟರ್ ಬಿಚ್ಚುವ ಮೊದಲು ಒಂದು ಪುಕ್ಕಟೆ ಪರೀಕ್ಷೆ. ಈಚಿನ ಸೋಲೆಕ್ಸ್‌ಗಳ ಪಕ್ಕದಲ್ಲಿ ವೈರ್ ಹಾಕಿದ ಒಂದು ಪುಟ್ಟ ವಾಲ್ವ್ ಇರುತ್ತದೆ. ಕೀ ಆನ್ ಮಾಡಿ, ಆ ವೈರ್ ತೆಗೆದು ಮತ್ತೆ ಮುಟ್ಟಿಸಿ. 'ಟಿಕ್' ಅಂದರೆ ಬದುಕಿದೆ. ಸದ್ದಿಲ್ಲ ಅಂದರೆ ಅಪರಾಧಿ ಸಿಕ್ಕ. ಆದರೆ ಅಲ್ಲಿ ಪೆಟ್ರೋಲ್ ಸೋರುತ್ತಿದ್ದರೆ ಈ ಕಿಡಿಯಾಟ ಬೇಡ.

ಕ್ಲೈಮ್ಯಾಕ್ಸ್ ಬೆಂಕಿ

ಈಗ ಹೇಳುವುದನ್ನು ಓದುಗರು ಹಗುರವಾಗಿ ತೆಗೆದುಕೊಳ್ಳಬಾರದು. ಹಳೆ ಬೀಟಲ್‌ಗಳು ಸಾಯುವುದು ಮುಪ್ಪಿನಿಂದ ಮಾತ್ರವಲ್ಲ, ಬೆಂಕಿಯಿಂದಲೂ. ಕಾರ್ಬುರೇಟರಿಗೆ ಪೆಟ್ರೋಲ್ ಬರುವ ಹಿತ್ತಾಳೆ ನಳಿಗೆಯನ್ನು ಬರೇ ಒತ್ತಿ ಕೂರಿಸಿರುತ್ತಾರೆ. ಬಿಸಿ, ನಡುಕ ತಿಂದು ಅದು ಸಡಿಲವಾಗಿ ಒಂದು ದಿನ ಪೈಪಿನ ಸಮೇತ ಕಳಚಿಕೊಳ್ಳುತ್ತದೆ. ಇಂಜಿನ್ ಓಡುತ್ತಲೇ ಇದೆ, ಪಂಪು ಪೆಟ್ರೋಲ್ ತಳ್ಳುತ್ತಲೇ ಇದೆ. ಅದು ಬೀಳುವುದು ಕಾದ ಇಂಜಿನ್ ಮೇಲೆ, ಕಿಡಿ ಹಾರುವ ಡಿಸ್ಟ್ರಿಬ್ಯೂಟರ್ ಮೇಲೆ. ಡ್ರೈವರಿಗೆ ಗೊತ್ತಾಗುವುದು ಕನ್ನಡಿಯಲ್ಲಿ ಹೊಗೆ ಕಂಡಾಗ!

ಇಂಜಿನ್ನಿನ ಹೊಟ್ಟೆ ಮೆಗ್ನೀಷಿಯಂ ಮಿಶ್ರಲೋಹದ್ದು. ಅದಕ್ಕೆ ಒಮ್ಮೆ ಹತ್ತಿಕೊಂಡರೆ ನೀರು ಸುರಿದಷ್ಟೂ ಭುಗಿಲೇಳುತ್ತದೆ. ಆದ್ದರಿಂದ ಮುಚ್ಚಳ ತೆಗೆದಾಗಲೆಲ್ಲ ಆ ನಳಿಗೆಯನ್ನು ಕೈಯಲ್ಲಿ ಅಲುಗಾಡಿಸಿ ನೋಡಿ. ಅಲುಗಿದರೆ ಅದೇ ದಿನ ರಿಪೇರಿ. ನೂಲು ನೇಯ್ದ ಹಳೆ ಪೈಪು ಹೊರಗೆ ಚೆಂದ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ, ಸವೆದಿದೆಯೋ ಇಲ್ಲವೋ ಅಂತ ಕಾಯದೆ ಆಗಾಗ ಬದಲಾಯಿಸಿ. ಪಂಪು-ಕಾರ್ಬುರೇಟರ್ ನಡುವೆ ಪ್ಲಾಸ್ಟಿಕ್ ಫಿಲ್ಟರ್ ನೇತು ಹಾಕುವ ಅಭ್ಯಾಸವಿದೆಯಲ್ಲ, ಅದು ನಮಗೆ ಸುತರಾಂ ಒಪ್ಪಿಗೆಯಿಲ್ಲ. ಅದರ ಭಾರವೇ ನಳಿಗೆಯನ್ನು ಎಳೆಯುತ್ತದೆ. ಫಿಲ್ಟರ್ ಬೇಕಾದರೆ ಮುಂದೆ ಟ್ಯಾಂಕಿನ ಕೆಳಗೆ ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರನ್ನು ಡ್ರೈವರ್ ಕೈಗೆ ಸಿಗುವ ಕಡೆ ಇಟ್ಟುಕೊಳ್ಳಿ. ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ. ದಪ್ಪನೆ ಗೆಳೆಯರು ಕೂತಾಗ ಸೀಟಿನ ಸ್ಪ್ರಿಂಗ್ ಟರ್ಮಿನಲ್ಲಿಗೆ ತಾಗದಂತೆ ಮುಚ್ಚಳ ಇರಲೇಬೇಕು.

ವೊಚೋ ರಾಜ್ಯ

ಮೆಕ್ಸಿಕೋ ದೇಶದ ಪ್ವೆಬ್ಲಾ ಕಾರ್ಖಾನೆಯಲ್ಲಿ 2003ರ ಜುಲೈ 30ರಂದು ಕೊನೆಯ ಬೀಟಲ್ ಹೊರಬಂತು. ಒಟ್ಟು ಲೆಕ್ಕ 2,15,29,464. ಅಲ್ಲಿನವರು ಇವನನ್ನು ಪ್ರೀತಿಯಿಂದ 'ವೊಚೋ' ಅನ್ನುತ್ತಾರೆ. ಮೆಕ್ಸಿಕೋ ನಗರದ ಉತ್ತರಕ್ಕೆ ಕ್ವೌಟೆಪೆಕ್ ಎಂಬ ಗುಡ್ಡದ ಬಡಾವಣೆಯಿದೆ. ಗೋಡೆ ಹತ್ತಿದಂಥ ಕಡಿದಾದ ಬೀದಿಗಳು. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಕಳೆದ ಮೇಲೂ ಅಲ್ಲಿ ಜನರನ್ನು ಹೊತ್ತು ಗುಡ್ಡ ಹತ್ತುತ್ತಿದ್ದದ್ದು ವೊಚೋ ಟ್ಯಾಕ್ಸಿಗಳೇ. ಇಂಜಿನ್ ಹಿಂದಿರುವುದರಿಂದ ಭಾರವೆಲ್ಲ ಹಿಂದಿನ ಚಕ್ರದ ಮೇಲೆ, ಏರಿನಲ್ಲಿ ಹಿಡಿತ ತಪ್ಪುವುದಿಲ್ಲ. ಕೆಟ್ಟರೆ ರಸ್ತೆ ಬದಿಯಲ್ಲೇ ಗೇರ್‌ಬಾಕ್ಸಿಗೆ ಹಿಡಿದ ನಾಲ್ಕು ಬೋಲ್ಟ್ ಬಿಚ್ಚಿ, ವೈರು-ಕೇಬಲ್ ಕಳಚಿ, ಜಾಕಿಯ ಮೇಲೆ ಇಂಜಿನ್ ಇಳಿಸಿಬಿಡುತ್ತಾರೆ.

ಇಷ್ಟೆಲ್ಲ ಕೇಳಿಯೂ ನಿಮ್ಮಲ್ಲಿ ಯಾರಿಗಾದರೂ ಹಳೆ ಬೀಟಲ್ ಕೊಳ್ಳುವ ಹುಚ್ಚು ಹತ್ತಿದ್ದರೆ, ಬಣ್ಣಕ್ಕೆ ಮರುಳಾಗಬೇಡಿ. ಇಂಜಿನ್ ಆಫ್ ಮಾಡಿಸಿ, ಕೆಳಗಿನ ದೊಡ್ಡ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಎಳೆದು ತಳ್ಳಿ. ಕೈಗೆ ಗೊತ್ತಾಗದಷ್ಟು ಆಟವಿದ್ದರೆ ಸರಿ. 'ಲಟ್ ಲಟ್' ಅಂದರೆ ಒಳಗಿನ ಬೇರಿಂಗ್ ಸೀಟು ಸವೆದಿದೆ, ಇಂಜಿನ್ ಪೂರ್ತಿ ಬಿಚ್ಚುವ ಖರ್ಚು ಬರುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆದು ಕೇಳಿ. ಮಾರುವವನು ಮುಖ ಸಿಂಡರಿಸಿದರೆ ಬಂದ ಬಸ್ಸಿಗೇ ಹತ್ತಿ.